ಮುಸುಕಿನ ಜೋಳ, ಕುಲಾಂತರಿ: ಕೀಟನಿರೋಧಕತೆ

ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯದ ಜೀನ್ ಸೇರಿಸಿ, ಕೀಟನಾಶಕ ಪ್ರೋಟೀನನ್ನು ಗಿಡವೇ ತಯಾರಿಸಿಕೊಳ್ಳುವಂತೆ ರೂಪಿಸಿದ ಮುಸುಕಿನ ಜೋಳಕ್ಕೆ ಬಿಟಿ ಜೋಳ ಎನ್ನುತ್ತಾರೆ. ಈ ಬ್ಯಾಕ್ಟೀರಿಯ ಮೊದಲು ಪತ್ತೆಯಾದದ್ದು 1901ರಲ್ಲಿ, ಜಪಾನಿನಲ್ಲಿ ರೋಗ ತಗುಲಿ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಬಿಟಿ ಜೋಳದ ಬೇಸಾಯ ಅಮೆರಿಕದಲ್ಲಿ 1996ರಲ್ಲಿ ಆರಂಭವಾಯಿತು.

ಹುಳು ಎಲೆ ತಿಂದಾಗ ಪ್ರೋಟೀನು ಅದರ ಕ್ಷಾರಯುಕ್ತ ಕರುಳಿನಲ್ಲಿ ಸಕ್ರಿಯವಾಗಿ, ಒಳಗೋಡೆಯ ಕೋಶಗಳಿಗೆ ಅಂಟಿಕೊಂಡು ರಂಧ್ರ ಮಾಡುತ್ತದೆ. ಹುಳು ಮೇಯುವುದನ್ನು ಬಿಟ್ಟು ಕೆಲವು ದಿನಗಳಲ್ಲಿ ಸಾಯುತ್ತದೆ. ಎಲ್ಲ ಕೀಟಗಳಿಗೂ ಒಂದೇ ಪ್ರೋಟೀನು ನಾಟುವುದಿಲ್ಲ. ಕ್ರೈ1ಎಬಿ ಎಂಬ ಬಿಟಿ ಪ್ರೋಟೀನು ಯೂರೋಪಿನ ಕಾಂಡಕೊರಕವನ್ನು ಚೆನ್ನಾಗಿ ತಡೆದರೂ ಫಾಲ್ ಸೈನಿಕ ಹುಳುವಿನ ಮೇಲೆ ಅದರ ಪರಿಣಾಮ ಅರೆಬರೆ. ವಿಪ್3ಎ ಪ್ರೋಟೀನು ಈ ಹುಳುವಿನ ಮೇಲೆ ಬಲವಾಗಿ ಕೆಲಸ ಮಾಡುತ್ತದೆ. ರಸ ಹೀರುವ ಹೇನುಗಳಿಗೆ ಎರಡೂ ತಟ್ಟುವುದಿಲ್ಲ.

ಅಮೆರಿಕದ 5 ರಾಜ್ಯಗಳಲ್ಲಿ 14 ವರ್ಷಗಳಲ್ಲಿ ಬಿಟಿ ಜೋಳದಿಂದಾದ ಲಾಭ ಸುಮಾರು 690 ಕೋಟಿ ಡಾಲರ್ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದಕ್ಕಿದ್ದು ಸಾಮಾನ್ಯ ಜೋಳ ಬಿತ್ತಿದವರಿಗೆ. ಸುತ್ತಿನ ಬಿಟಿ ಹೊಲಗಳಿಂದಾಗಿ ಇಡೀ ಪ್ರದೇಶದಲ್ಲಿ ಕಾಂಡಕೊರಕದ ಸಂತತಿಯೇ ಇಳಿದಿತ್ತು.

ಈ ರಕ್ಷಣೆ ಶಾಶ್ವತವಲ್ಲ. ಪೋರ್ಟೊರಿಕೊದಲ್ಲಿ 2006ರಲ್ಲಿ ಫಾಲ್ ಸೈನಿಕ ಹುಳು ಕ್ರೈ1ಎಫ್ ಎಂಬ ಪ್ರೋಟೀನಿರುವ ಜೋಳವನ್ನು ತಿಂದು ಅರಗಿಸಿಕೊಳ್ಳತೊಡಗಿತು. ದಕ್ಷಿಣ ಆಫ್ರಿಕದ ಕಾಂಡಕೊರಕ ಕ್ರೈ1ಎಬಿಗೆ ಜಗ್ಗದಿರುವುದು 2007ರಲ್ಲಿ ವರದಿಯಾಯಿತು. ಪ್ರೋಟೀನಿಗೆ ಒಗ್ಗಿದ ಪತಂಗಗಳು ಒಗ್ಗದವುಗಳೊಡನೆ ಕೂಡಿದರೆ ನಿರೋಧಕ ಗುಣ ಬೇಗ ಹಬ್ಬುವುದಿಲ್ಲ. ಒಗ್ಗದ ಪತಂಗಗಳು ಉಳಿಯಲೆಂದು ಹೊಲದ ಒಂದು ಭಾಗದಲ್ಲಿ ಸಾಮಾನ್ಯ ಜೋಳವನ್ನು ಆಶ್ರಯ ಬೆಳೆಯಾಗಿ ಬಿತ್ತುತ್ತಾರೆ. ಒಂದೇ ತಳಿಯಲ್ಲಿ ಎರಡು ಮೂರು ಪ್ರೋಟೀನುಗಳನ್ನೂ ಸೇರಿಸುತ್ತಾರೆ.

ಭಾರತದಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. ಕುಲಾಂತರಿ ಜೋಳದ ವಾಣಿಜ್ಯ ಬೇಸಾಯಕ್ಕೆ ಅನುಮತಿಯಿಲ್ಲ. ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಕರ್ನಾಟಕದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಜೋಳದ ಹೊಲಗಳಲ್ಲಿ. ಜುಲೈ ಹೊತ್ತಿಗೆ ಕೋಲಾರದ ನೆರೆಯ ಚಿಕ್ಕಬಳ್ಳಾಪುರದಲ್ಲೂ ಅದು ಪತ್ತೆಯಾಯಿತು. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಆಕಾರದ ಬಿಳಿ ಗೆರೆ, ಹಿಂಬದಿಯಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಸುಳಿಯೊಳಗೆ ಕುಳಿತು ಮೇಯುವುದರಿಂದ ಬಿಚ್ಚಿಕೊಂಡ ಎಲೆಯಲ್ಲಿ ಸಾಲುಸಾಲು ತೂತು, ಸುಳಿಯಲ್ಲಿ ಮರದ ಹೊಟ್ಟಿನಂಥ ಒದ್ದೆ ಹಿಕ್ಕೆ ಕಾಣುತ್ತವೆ.

ಹೈನುಗಾರಿಕೆ ನಡೆಯುವ ಕೋಲಾರ ಜಿಲ್ಲೆಯ ಸುಗಟೂರು ಸೀಮೆಯಲ್ಲಿ ಮುಸುಕಿನ ಜೋಳ ಹಸುಗಳ ಹಸಿರು ಮೇವೂ ಹೌದು. ಬಿಟಿ ತಳಿ ಇಲ್ಲದ ಇಲ್ಲಿ ಫಾಲ್ ಸೈನಿಕ ಹುಳುವಿನ ಹತೋಟಿಗೆ ಇರುವ ಕೆಲವು ದಾರಿಗಳು: ಮೊಟ್ಟೆಯ ಗುಂಪುಗಳನ್ನು ಆರಿಸಿ ನಾಶಮಾಡುವುದು, ಹುಳು ಎಳೆಯದಾಗಿರುವಾಗ ಬೇವಿನ ಔಷಧಿ ಅಥವಾ ಮೆಟರೈಜಿಯಂ ರಿಲೆಯಿ ಶಿಲೀಂಧ್ರ ಬಳಸುವುದು, ಬಾಧೆ ಮೀರಿದರೆ ಎಮಾಮೆಕ್ಟಿನ್ ಬೆಂಜೊಯೇಟನ್ನು ಲೀಟರ್ ನೀರಿಗೆ 0.4 ಗ್ರಾಂನಂತೆ ಬೆರೆಸಿ ಸುಳಿಗೆ ಬೀಳುವಂತೆ ಸಿಂಪಡಿಸುವುದು. ಔಷಧಿ ಹೊಡೆದ ಮೇವನ್ನು ನಿಗದಿತ ಕಾಯುವ ಅವಧಿ ಮುಗಿಯುವ ಮುನ್ನ ದನಗಳಿಗೆ ಹಾಕಬಾರದು.