ಹೂಪ್ಲಾ: ಗ್ರಂಥಾಲಯದ ಡಿಜಿಟಲ್ ಎರವಲಿನಲ್ಲಿ ಕಾಮಿಕ್ಸ್

ಹೂಪ್ಲಾ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಓದುಗರಿಗೆ ಸಿಗುವ ಡಿಜಿಟಲ್ ಎರವಲು ಸೇವೆ. ಒಹಾಯೊ ರಾಜ್ಯದ ಹಾಲೆಂಡ್ ಊರಿನ ಮಿಡ್‌ವೆಸ್ಟ್ ಟೇಪ್ ಕಂಪನಿ 2013ರಲ್ಲಿ ಇದನ್ನು ಆರಂಭಿಸಿತು. ಗ್ರಂಥಾಲಯಗಳಿಗೆ ವಿಡಿಯೊ, ಆಡಿಯೊ ಸಾಮಗ್ರಿ ಪೂರೈಸುವುದು ಆ ಕಂಪನಿಯ ಹಳೆಯ ಕಸುಬು. ಹಾಗಾಗಿ ಸಿನಿಮಾ, ಸಂಗೀತ, ಆಡಿಯೊಬುಕ್‌ಗಳು ಮೊದಲು ಬಂದವು. ಇ-ಪುಸ್ತಕ ಮತ್ತು ಕಾಮಿಕ್ಸ್ ಆಮೇಲೆ ಸೇರಿದವು. ಕಾಮಿಕ್ಸ್ ಪ್ರಕಾಶಕರಾದ ಡಿಸಿ 2015ರಲ್ಲಿ, ಮಾರ್ವೆಲ್ 2017ರಲ್ಲಿ ಜೊತೆಗೂಡಿದ ಮೇಲೆ ಕಾಮಿಕ್ಸ್ ಓದುಗರಿಗೆ ಇದು ಮುಖ್ಯ ನೆಲೆಯಾಯಿತು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹಲವು ಗ್ರಂಥಾಲಯಗಳಲ್ಲೂ ಈ ಸೇವೆ ಇದೆ.

ಅಮೆರಿಕದಲ್ಲಿ ಕಾಮಿಕ್ಸ್‌ನ ಹೊಸ ಸಂಚಿಕೆಗಳು ವಾಡಿಕೆಯಂತೆ ಬುಧವಾರ ಅಂಗಡಿಗೆ ಬರುತ್ತವೆ. ಒಂದು ಸಂಚಿಕೆ ಎಂದರೆ ಇಪ್ಪತ್ತು ಇಪ್ಪತ್ತೆರಡು ಪುಟಗಳ ಕಥೆಯಿರುವ, ಪಿನ್ ಹೊಡೆದ ತೆಳ್ಳನೆಯ ಪುಸ್ತಿಕೆ. ಬೆಲೆ ಸಾಮಾನ್ಯವಾಗಿ 4ರಿಂದ 5 ಡಾಲರ್. ಹತ್ತಾರು ಕೈ ದಾಟುವಷ್ಟು ಗಟ್ಟಿತನ ಅದಕ್ಕಿಲ್ಲ. ಆದ್ದರಿಂದ ಗ್ರಂಥಾಲಯಗಳು ಐದಾರು ಸಂಚಿಕೆಗಳನ್ನು ಸೇರಿಸಿ ಕಟ್ಟಿದ ಸಂಕಲನಗಳನ್ನೇ ಹೆಚ್ಚಾಗಿ ಕೊಳ್ಳುತ್ತಿದ್ದವು. ಕಥೆ ಅಂಗಡಿಯಲ್ಲಿ ಬಿಸಿಬಿಸಿಯಾಗಿ ಮಾರಾಟವಾಗುವ ಹೊತ್ತಿನಲ್ಲಿ, ದುಡ್ಡು ಕೊಟ್ಟು ಕೊಳ್ಳಲಾಗದ ಓದುಗ ತಿಂಗಳುಗಟ್ಟಲೆ ಕಾಯಬೇಕಿತ್ತು. 2011ರಲ್ಲಿ ಡಿಸಿ ತನ್ನ ಮಾಲಿಕೆಗಳನ್ನೆಲ್ಲ ‘ನ್ಯೂ 52’ ಹೆಸರಿನಲ್ಲಿ ಹೊಸದಾಗಿ ಆರಂಭಿಸಿ, ಅಚ್ಚಿನ ಪ್ರತಿ ಬಂದ ದಿನವೇ ಡಿಜಿಟಲ್ ಪ್ರತಿಯನ್ನೂ ಮಾರತೊಡಗಿತು. ಬಿಡಿ ಸಂಚಿಕೆಯನ್ನು ಹರಿಯದ, ಕಳೆಯದ ರೂಪದಲ್ಲಿ ಎರವಲು ಕೊಡುವುದಕ್ಕೆ ಇದ್ದ ತಾಂತ್ರಿಕ ತೊಡಕು ಆಗಲೇ ನೀಗಿತ್ತು. ಉಳಿದದ್ದು ಪರವಾನಗಿ ಮತ್ತು ಹಣದ ಪ್ರಶ್ನೆ.

ಓದುಗರ ಕಡೆಯಿಂದ ನೋಡಿದರೆ ವಿಧಾನ ಸರಳ. ಗ್ರಂಥಾಲಯದ ಕಾರ್ಡ್ ಸಂಖ್ಯೆಯಿಂದ ಖಾತೆ ತೆರೆದು, ಮೊಬೈಲ್, ಟ್ಯಾಬ್ಲೆಟ್ ಅಥವಾ ಕಂಪ್ಯೂಟರ್‌ನಲ್ಲಿ ಓದಬಹುದು. ಕಾಮಿಕ್ಸ್ ಎರವಲಿನ ಅವಧಿ 21 ದಿನ. ಅವಧಿ ಮುಗಿದಾಗ ಪ್ರತಿ ತಾನಾಗಿ ಹಿಂತಿರುಗುವುದರಿಂದ ದಂಡದ ಮಾತೇ ಇಲ್ಲ. ‘ಆ್ಯಕ್ಷನ್ ವ್ಯೂ’ ಎಂಬ ಸೌಲಭ್ಯ ಪುಟದ ಚಿತ್ರಚೌಕಗಳನ್ನು ಒಂದೊಂದಾಗಿ ಹಿಗ್ಗಿಸಿ ತೋರಿಸುತ್ತದೆ. ಸಣ್ಣ ಪರದೆಯಲ್ಲಿ ಇದು ಉಪಕಾರಿಯೇ. ಆದರೂ ಎರಡು ಪುಟಗಳಿಗೆ ಹರಡಿದ ಚಿತ್ರವನ್ನು ಟ್ಯಾಬ್ಲೆಟ್ಟಿನಲ್ಲಿ ಇಡಿಯಾಗಿ ನೋಡುವುದೇ ಮೇಲು. ಚಿತ್ರಕಾರ ಯೋಚಿಸುವುದು ಪುಟದ ಲೆಕ್ಕದಲ್ಲಿ, ಚೌಕದ ಲೆಕ್ಕದಲ್ಲಲ್ಲ.

ಹೂಪ್ಲಾದ ವಿಶೇಷ ಇರುವುದು ಅದರ ಲೆಕ್ಕಾಚಾರದಲ್ಲಿ. ಕ್ಲೀವ್‌ಲ್ಯಾಂಡಿನ ಓವರ್‌ಡ್ರೈವ್ ಕಂಪನಿ 2017ರಲ್ಲಿ ತಂದ ಲಿಬ್ಬಿ ಆ್ಯಪ್‌ನಲ್ಲಿ ಗ್ರಂಥಾಲಯ ಪರವಾನಗಿ ಪಡೆದ ಒಂದು ಪ್ರತಿಯನ್ನು ಸಾಮಾನ್ಯವಾಗಿ ಒಮ್ಮೆಗೆ ಒಬ್ಬರೇ ಓದಬಹುದು. ಮಿಕ್ಕವರು ಸರದಿಯಲ್ಲಿ ನಿಲ್ಲಬೇಕು. ಹೂಪ್ಲಾದ ಮೂಲ ಪದ್ಧತಿಯಲ್ಲಿ ಸರದಿಯಿಲ್ಲ. ಒಂದೇ ಸಂಚಿಕೆಯನ್ನು ಎಷ್ಟು ಮಂದಿ ಬೇಕಾದರೂ ಒಟ್ಟಿಗೆ ಪಡೆಯಬಹುದು, ಆದರೆ ಪ್ರತಿ ಎರವಲಿಗೂ ಗ್ರಂಥಾಲಯ ಶುಲ್ಕ ತೆರಬೇಕು. ಹಿಂದೆ ಬೆಂಗಳೂರಿನ ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕಾಮಿಕ್ಸ್ ಓದುಗ ತಾನೇ ಕೊಡುತ್ತಿದ್ದ ಬಾಡಿಗೆಯನ್ನು ಇಲ್ಲಿ ಓದುಗನ ಪರವಾಗಿ ಊರಿನ ಗ್ರಂಥಾಲಯ ಕೊಡುತ್ತದೆ. ಓದು ಹೆಚ್ಚಿದಷ್ಟೂ ಬಿಲ್ಲು ಬೆಳೆಯುವುದರಿಂದ, ಒಬ್ಬರಿಗೆ ತಿಂಗಳಿಗೆ ಇಂತಿಷ್ಟೇ ಎರವಲು ಎಂಬ ಮಿತಿಯನ್ನು ಆಯಾ ಗ್ರಂಥಾಲಯವೇ ಗೊತ್ತುಮಾಡುತ್ತದೆ. ದಿನದ ವೆಚ್ಚಕ್ಕೂ ಮಿತಿ ಹಾಕಿದ ಕಡೆ, ಅಂದಿನ ಹಣ ಮುಗಿದರೆ ಮರುದಿನವೇ ಗತಿ.

ಈ ಮಿತಿಯ ಹೊಡೆತ ಬಿಡಿ ಸಂಚಿಕೆಗೇ ಹೆಚ್ಚು. ಇಪ್ಪತ್ತು ಪುಟದ ಸಂಚಿಕೆಯೂ ಒಂದು ಎರವಲು, ನಾನೂರು ಪುಟದ ಸಂಕಲನವೂ ಒಂದು ಎರವಲು. ತಿಂಗಳಿಗೆ ಐದೇ ಸಿಗುವ ಓದುಗ ಸಹಜವಾಗಿ ಸಂಕಲನದ ಕಡೆ ವಾಲುತ್ತಾನೆ. ಕಾಗದದ ಕಾಲದಲ್ಲಿ ಪುಸ್ತಿಕೆಯ ದುರ್ಬಲತೆ ಮಾಡಿದ್ದನ್ನು ಈಗ ಶುಲ್ಕದ ಪದ್ಧತಿ ಮಾಡುತ್ತಿದೆ. ಹೊಸ ಸಂಚಿಕೆಗಳನ್ನು ಬೆನ್ನುಹತ್ತಿ ಓದುವವರಿಗೆ ಇದು ನಿಜವಾದ ನಷ್ಟ. ಸಂಚಿಕೆಗಳಿಗೆ ಬೇರೆಯೇ ಎಣಿಕೆ ಇಟ್ಟಿದ್ದರೆ ನ್ಯಾಯವಾಗುತ್ತಿತ್ತು.

ಯಾವುದು ಎಷ್ಟು ಬೇಗ ಬರುತ್ತದೆ ಎಂಬುದು ಪ್ರಕಾಶಕರಿಗೆ ಬಿಟ್ಟದ್ದು. ಕೆಲವರು ಬಿಡಿ ಸಂಚಿಕೆಗಳನ್ನೂ ಕೊಡುತ್ತಾರೆ. ಮಾರ್ವೆಲ್ ಹೂಪ್ಲಾಕ್ಕೆ ಬಂದದ್ದು ಸಂಕಲನಗಳೊಂದಿಗೆ. ತನ್ನದೇ ಚಂದಾ ಸೇವೆಯಾದ ‘ಮಾರ್ವೆಲ್ ಅನ್‌ಲಿಮಿಟೆಡ್‌’ಗೂ ಅದು ಹೊಸ ಸಂಚಿಕೆಗಳನ್ನು ಸುಮಾರು ಮೂರು ತಿಂಗಳು ತಡೆದೇ ಸೇರಿಸುತ್ತದೆ. ಅಚ್ಚಿನ ಪ್ರತಿಯ ಮೇಲೆ ಪ್ರಕಾಶಕರಿಗೆ ಈ ಹಿಡಿತವಿಲ್ಲ: ಅದನ್ನು ಕೊಂಡ ಗ್ರಂಥಾಲಯ ಪ್ರಕಾಶಕರ ಅಪ್ಪಣೆಯಿಲ್ಲದೆ ಅದನ್ನು ಎರವಲು ಕೊಡಬಹುದು. ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಮೊದಲ ಮಾರಾಟದ ತತ್ತ್ವ ಆ ಹಕ್ಕನ್ನು ಕೊಡುತ್ತದೆ. ಡಿಜಿಟಲ್ ಪ್ರತಿಯಾದರೋ ಗ್ರಂಥಾಲಯಕ್ಕೆ ಮಾರಾಟವಾಗುವುದಿಲ್ಲ, ಪರವಾನಗಿಯ ಮೇಲೆ ಬರುತ್ತದೆ. ಪರವಾನಗಿ ಮುಗಿದರೆ ಶೀರ್ಷಿಕೆ ಪಟ್ಟಿಯಿಂದ ಮಾಯವಾಗುತ್ತದೆ, ಕಪಾಟಿನಲ್ಲಿ ಏನೂ ಉಳಿಯುವುದಿಲ್ಲ. ಹಣದ ಮೂಲ ಬತ್ತಿದರೂ ಅದೇ ಪಾಡು: 2025ರಲ್ಲಿ ಒಕ್ಕೂಟ ಸರ್ಕಾರದ ಅನುದಾನ ತಡೆಹಿಡಿದಾಗ ಮಿಸಿಸಿಪಿ ರಾಜ್ಯದ ಹಲವು ಗ್ರಂಥಾಲಯಗಳಲ್ಲಿ ಹೂಪ್ಲಾ ನಿಂತುಹೋಯಿತು.