ಶಿವರಾತ್ರಿ ಕಳೆದ ಮೇಲೆ ಬಂದ ಮರಿಗಳು

ನಮ್ಮ ಮಲೆನಾಡಿನಲ್ಲಿ ಕೋಳಿಮರಿಯನ್ನು ದೂರದೂರಿನಿಂದ ತರಿಸುವ ಪದ್ಧತಿ ಹಳೆಯದಲ್ಲ. ಕಾವಿಗೆ ಕೂತ ಹೇಂಟೆ 21 ದಿನಕ್ಕೆ ಮರಿ ಮಾಡುತ್ತಿತ್ತು. ಚಳಿಯಾದರೆ ರೆಕ್ಕೆಯಡಿ ಸೇರಿಸಿಕೊಳ್ಳುತ್ತಿತ್ತು. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಗಿರಿರಾಜ ತಳಿಯನ್ನು ರೂಪಿಸಿತು. ಆಮೇಲೆ ತಾಯಿಯಿಲ್ಲದ ಮರಿಗಳು ತೂತಿನ ರಟ್ಟಿನ ಪೆಟ್ಟಿಗೆಗಳಲ್ಲಿ ಬಸ್ಸೇರಿ ಸಾಗರ, ಹೊಸನಗರ, ತೀರ್ಥಹಳ್ಳಿಗೆ ಬರತೊಡಗಿದವು.

ಅಮೆರಿಕದ ಅಂಚೆಯವರು 1918ರಿಂದಲೇ ಒಂದು ದಿನದ ಮರಿಗಳನ್ನು ಸಾಗಿಸುತ್ತ ಬಂದಿದ್ದಾರೆ. ಮೊಟ್ಟೆಯ ಹಳದಿ ಮರಿಯ ಹೊಟ್ಟೆಯಲ್ಲಿ ಉಳಿದಿರುವುದರಿಂದ ಎರಡು ಮೂರು ದಿನ ಕಾಳು, ನೀರು ಇಲ್ಲದೆಯೂ ಅದು ಬದುಕುತ್ತದೆ. ಆದರೆ ಆ ಹಳದಿ ಬುತ್ತಿಯೇ ಹೊರತು ಕಂಬಳಿಯಲ್ಲ. ಮೊದಲ ವಾರ ಮರಿಗೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು. ಧನುರ್ಮಾಸದ ಇಬ್ಬನಿಯಲ್ಲಿ ಅದೆಲ್ಲಿಂದ ಬರಬೇಕು? ಬುಟ್ಟಿಯೊಳಗಿನ ಬಲ್ಬು ಕರೆಂಟು ಇರುವ ತನಕ ಮಾತ್ರ. ಸಾಲ ಮಾಡಿ ಮರಿ ತರಿಸಿದ ಹೆಂಗಸರು ಬೆಳಗಾಗೆದ್ದು, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತ ಮರಿಗಳನ್ನು ಎಣಿಸುವುದನ್ನು ನಾನು ಕಂಡಿದ್ದೇನೆ. ಮರಿ ಸತ್ತರೂ ಸಾಲದ ಕಂತು ನಿಲ್ಲುತ್ತಿರಲಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡುತ್ತದೆ ಎನ್ನುತ್ತಾರಲ್ಲ, ಆ ಹೆಂಗಸರು ಅದನ್ನೇ ಲೆಕ್ಕಕ್ಕೆ ಹಿಡಿದರು. ಹಬ್ಬ ಕಳೆದ ಮೇಲೆ ಬಂದ ಮರಿಗೆ ಮುಂಗಾರು ಹಿಡಿಯುವಷ್ಟರಲ್ಲಿ ಗರಿ ಬಲಿತಿರುತ್ತಿತ್ತು. ಹೇಂಟೆಯ ರೆಕ್ಕೆಯ ಕೆಲಸವನ್ನು ಹೀಗೆ ಪಂಚಾಂಗ ವಹಿಸಿಕೊಂಡಿತು.