ವಿಜಯಪುರ ಜಿಲ್ಲೆಯಲ್ಲಿ ವೃತ್ತಿಪರ ಸಮಾಜಕಾರ್ಯ

ವಿಜಯಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಸಮಾಜಕಾರ್ಯಕರ್ತರು ಮಕ್ಕಳ ರಕ್ಷಣೆ, ಬಾಲ್ಯವಿವಾಹ ತಡೆ, ಮಾಜಿ ದೇವದಾಸಿಯರ ಪುನರ್ವಸತಿ, ಎಚ್‌ಐವಿ ಆಪ್ತಸಮಾಲೋಚನೆಯಂಥ ಕೆಲಸಗಳಲ್ಲಿ ತೊಡಗಿದ್ದಾರೆ. ಭಾರತದಲ್ಲಿ ಸಮಾಜಕಾರ್ಯ ಶಿಕ್ಷಣ 1936ರಲ್ಲಿ ಮುಂಬೈಯಲ್ಲಿ ಮೊದಲಾಯಿತು. ಜಿಲ್ಲೆಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯು) ಓದಬಹುದು.

ಬಾಲ್ಯವಿವಾಹ ತಡೆಗೆ ಮೊದಲು ಬೇಕಾದದ್ದು ಕಾನೂನಿನ ತಿಳಿವಳಿಕೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ನಿಶ್ಚಯವಾದ ಮದುವೆಗೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಅಕ್ಷಯ ತೃತೀಯದಂಥ ದಿನಗಳಲ್ಲಿ ಜಿಲ್ಲಾಧಿಕಾರಿಯೇ ಬಾಲ್ಯವಿವಾಹ ನಿಷೇಧಾಧಿಕಾರಿ. ಬಸವ ಜಯಂತಿಯೂ ಅದೇ ತಿಥಿ. ಬಸವಣ್ಣನವರ ಜಿಲ್ಲೆಯಲ್ಲಿ ಅಂದು ಲಗ್ನಗಳ ಸಾಲೇ ಇರುತ್ತದೆ.

ಆದರೆ ನಿಜವಾದ ಕಸುಬು ಕಾಣುವುದು ಮನೆಭೇಟಿಯಲ್ಲಿ. ಜೈನಾಪುರ, ತಿಕೋಟಾ, ಬಬಲೇಶ್ವರ ಸುತ್ತಿನ ಹಳ್ಳಿಗಳಲ್ಲಿ ಹುಡುಗಿಯ ವಯಸ್ಸು ಕೇಳಿದರೆ "ಹದಿನೆಂಟು ತುಂಬ್ಯಾವ್ರಿ" ಎಂಬ ಉತ್ತರ ಸಿದ್ಧವಿರುತ್ತದೆ. ಎಷ್ಟನೇ ಇಯತ್ತೆಗೆ ಶಾಲೆ ಬಿಟ್ಟಳು, ಅದು ಯಾವ ವರ್ಷ ಎಂದು ಕೇಳಿದರೆ ಲೆಕ್ಕ ತಾನೇ ಹೊರಬೀಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯಡಿ ವಯಸ್ಸಿನ ಪುರಾವೆಗೆ ಮೊದಲು ಶಾಲಾ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಾಡಳಿತದ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಇನ್ನೊಂದು ಪ್ರಶ್ನೆಯನ್ನು ಹೊಸಬರು ಮರೆಯುವುದೇ ಹೆಚ್ಚು: ಕಬ್ಬು ಕಡಿಯಲು ಮನೆಯವರು ಯಾವಾಗ ಗುಳೆ ಹೋಗುತ್ತಾರೆ? ಬೆಳೆದ ಮಗಳನ್ನು ಯಾರ ಬಳಿ ಬಿಡುವುದೆಂಬ ಚಿಂತೆಯೇ ಎಷ್ಟೋ ಮದುವೆಗಳ ಬೇರು. ಅಂಥಲ್ಲಿ ತಡೆಯಾಜ್ಞೆ ಮದುವೆಯನ್ನು ಮುಂದೂಡೀತು, ಅಷ್ಟೇ. ಹಾಸ್ಟೆಲ್ ಸೀಟು ಕೊಡಿಸಿದರೆ ಚಿಂತೆಯೂ ತೀರುತ್ತದೆ.

ಗೋಪ್ಯತೆ ವೃತ್ತಿಧರ್ಮವಾದರೂ ಅದಕ್ಕೆ ಮಿತಿಯುಂಟು. ಹದಿನಾರರ ಗರ್ಭಿಣಿಯೊಬ್ಬಳು ನಂಬಿ ಹೇಳಿದ್ದನ್ನು ಕಾರ್ಯಕರ್ತೆ ಬಚ್ಚಿಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ಮಾತು ಶುರುವಾಗುವ ಮುನ್ನವೇ ಈ ಮಿತಿಯನ್ನು ಆಕೆಗೆ ಹೇಳಿಡುವುದು ಸರಿಯಾದ ಕ್ರಮ.

ಮಾಡಿದ ಕೆಲಸವನ್ನು ಅಳೆಯುವುದೂ ಕೌಶಲವೇ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹದಿಹರೆಯದ ಹುಡುಗಿಯರಿಗಾಗಿ ನಡೆದ 'ಸಮತಾ' ಕಾರ್ಯಕ್ರಮವನ್ನು 80 ಗ್ರಾಮ ಸಮೂಹಗಳಲ್ಲಿ ಪರೀಕ್ಷಿಸಲಾಯಿತು: ಅರ್ಧದಷ್ಟರಲ್ಲಿ ಕಾರ್ಯಕ್ರಮ, ಉಳಿದರ್ಧ ಹೋಲಿಕೆಗೆ. ಹುಡುಗಿಯರು ಪ್ರೌಢಶಾಲೆ ಬಿಡುವ ಪ್ರಮಾಣದಲ್ಲಿ ಒಟ್ಟಾರೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಯ ಹಳ್ಳಿಗಳಿಲ್ಲದೆ ಬರೀ ಸಭೆ, ಹಾಜರಾತಿಗಳ ಲೆಕ್ಕ ಕೊಟ್ಟಿದ್ದರೆ ಈ ಸಂಗತಿ ಗೊತ್ತೇ ಆಗುತ್ತಿರಲಿಲ್ಲ.